ಸಂಪಿನ ನೀರಿಗೊಂದು ಸರಳರೇಖೆ: ಡೆಸ್ಮೋಸ್‌ನಲ್ಲಿ ಬೆಸ್ಟ್ ಫಿಟ್ ಗೆರೆ ಎಳೆಯುವ ಸಮಗ್ರ ಮಾರ್ಗದರ್ಶಿ

ಕಾವೇರಿ ನೀರು ಬಿಟ್ಟ ದಿನ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ: ಈ ವೇಗದಲ್ಲಿ ಬಂದರೆ ಸಂಪು ಯಾವಾಗ ತುಂಬುತ್ತದೆ, ಟ್ಯಾಂಕರ್‌ಗೆ ಫೋನ್ ಮಾಡಬೇಕೋ ಬೇಡವೋ? ಹತ್ತು ನಿಮಿಷಕ್ಕೊಮ್ಮೆ ಕೋಲು ಇಳಿಸಿ ಮಟ್ಟ ಅಳೆದು ಬರೆದಿಟ್ಟರೆ ಉತ್ತರದ ಮುಕ್ಕಾಲು ಭಾಗ ಸಿಕ್ಕಂತೆಯೇ. ಉಳಿದ ಕಾಲು ಭಾಗ ಆ ಚುಕ್ಕೆಗಳ ನಡುವೆ ಸರಿಯಾದ ಗೆರೆ ಎಳೆಯುವುದು. ಪಿಯುಸಿ ಲ್ಯಾಬಿನಲ್ಲಿ ಗ್ರಾಫ್ ಶೀಟಿನ ಮೇಲೆ ಸ್ಕೇಲ್ ಇಟ್ಟು, ಕಣ್ಣಳತೆಯಲ್ಲಿ ಎಳೆಯುವ ಗೆರೆಯೂ ಇದೇ. ಇದನ್ನು ಡೆಸ್ಮೋಸ್ ಎಂಬ ಉಚಿತ ಆನ್‌ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್‌ನಲ್ಲಿ ಮಾಡುವುದು ಹೇಗೆ ಎಂದು ಇಲ್ಲಿ ಮೊದಲಿಂದ ಕೊನೆಯವರೆಗೆ ಬರೆದಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಯಾವ ಅಂಕಿ ಕೊಟ್ಟರೂ ಕ್ಯಾಲ್ಕುಲೇಟರ್ ಒಂದು ಗೆರೆ ಎಳೆದು ಕೊಡುತ್ತದೆ. ಎಳೆಯಬಾರದ ಕಡೆಯೂ ಎಳೆಯುತ್ತದೆ. ಆ ಗೆರೆಯನ್ನು ನಂಬಬಹುದೇ ಎಂದು ತೀರ್ಮಾನಿಸುವ ಕೆಲಸ ನಮ್ಮದು. ಹೆಚ್ಚಿನ ಪಾಠಗಳು ಗುಂಡಿ ಒತ್ತುವಲ್ಲಿಗೆ ಮುಗಿಯುವುದರಿಂದ, ಇಲ್ಲಿ ಗುಂಡಿ ಒತ್ತಿದ ಮೇಲಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಶುರು ಮಾಡುವ ಮೊದಲು

ಬ್ರೌಸರ್‌ನಲ್ಲಿ ಡೆಸ್ಮೋಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂದು ಹುಡುಕಿ ತೆರೆಯಿರಿ. ಲಾಗಿನ್ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಎಡಗಡೆ ಸಾಲುಗಳ ಪಟ್ಟಿ, ಬಲಗಡೆ ಚೌಕಳಿ ಇರುವ ಪುಟ ಬರುತ್ತದೆ. ಫೋನಿನಲ್ಲಾದರೆ ಚೌಕಳಿ ಮೇಲೆ, ಪಟ್ಟಿ ಕೆಳಗೆ. ಕಲಿಯುವಾಗ ಲ್ಯಾಪ್‌ಟಾಪ್ ಇದ್ದರೆ ಅನುಕೂಲ. ಮಾಡುವುದು ರೂಢಿಯಾದ ಮೇಲೆ ಫೋನ್ ಸಾಕು.

ಈ ಬರಹದಲ್ಲಿ ಎಕ್ಸ್, ವೈ, ಎಂ, ಬಿ ಎಂದು ಬರೆದಿರುವುದನ್ನೆಲ್ಲ ಕೀಬೋರ್ಡಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಾಗಿ ಒತ್ತಬೇಕು. ಅಂಕಿಗಳನ್ನು 1, 2, 3 ಎಂದೇ ಟೈಪ್ ಮಾಡಿ. ಸಾವಿರಕ್ಕೆ ಹಾಕುವ ಅಲ್ಪವಿರಾಮ ಬೇಡ, 1200 ಎಂದು ಒಟ್ಟಿಗೆ ಬರೆಯಿರಿ. ಗಡಿಯಾರದ ಸಮಯವನ್ನೂ ಹಾಗೇ ಹಾಕಬೇಡಿ. 5:40ಕ್ಕೆ ನೀರು ಬರಲು ಶುರುವಾಗಿದ್ದರೆ ಅದು 0, 5:50 ಆದಾಗ 10, 6:00 ಆದಾಗ 20. ಹೀಗೆ ನಿಮಿಷಕ್ಕೆ ಇಳಿಸಿಕೊಳ್ಳಿ.

ಮೀಟರ್ ದರದಿಂದ ಒಂದು ಪರೀಕ್ಷೆ

ಹೊಸ ಸಾಧನ ಕೈಗೆ ಬಂದಾಗ, ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಅದಕ್ಕೆ ಕೊಟ್ಟು ನೋಡುವುದು ಒಳ್ಳೆಯದು. ಬೆಂಗಳೂರಿನಲ್ಲಿ ಅಂಥ ಲೆಕ್ಕ ರಸ್ತೆಯಲ್ಲೇ ಸಿಗುತ್ತದೆ. ಆಗಸ್ಟ್ 1, 2025ರಿಂದ ಜಾರಿಗೆ ಬಂದ ಆಟೋ ಮೀಟರ್ ದರದ ಪ್ರಕಾರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18 ರೂಪಾಯಿ. ಕಾಯುವ ಚಾರ್ಜು, ರಾತ್ರಿಯ ದರ ಎರಡನ್ನೂ ಬಿಟ್ಟರೆ 3 ಕಿಲೋಮೀಟರ್‌ಗೆ 54, 5ಕ್ಕೆ 90, 8ಕ್ಕೆ 144, 10ಕ್ಕೆ 180, 12ಕ್ಕೆ 216 ಆಗುತ್ತದೆ.

ಪಟ್ಟಿಯ ಮೇಲ್ಗಡೆ ಇರುವ ಕೂಡು ಚಿಹ್ನೆ ಒತ್ತಿ, ಬರುವ ಆಯ್ಕೆಗಳಲ್ಲಿ ಟೇಬಲ್ ಆರಿಸಿ. ಎರಡು ಕಾಲಂ ಬರುತ್ತವೆ. ಒಂದರ ತಲೆಯ ಮೇಲೆ ಎಕ್ಸ್₁, ಇನ್ನೊಂದರ ಮೇಲೆ ವೈ₁ ಇರುತ್ತದೆ. ಎಕ್ಸ್₁ ಕೆಳಗೆ ದೂರ, ವೈ₁ ಕೆಳಗೆ ಬಾಡಿಗೆ ತುಂಬಿಸಿ. ಒಂದು ಅಂಕಿ ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಳಗಿನ ಮನೆಗೆ ಹೋಗುತ್ತದೆ. ಅಂಕಿಗಳು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್ಸ್‌ನಲ್ಲೋ ಮೊದಲೇ ಇದ್ದರೆ ಇಷ್ಟೂ ಬೇಡ. ಎರಡೂ ಕಾಲಂ ಕಾಪಿ ಮಾಡಿ, ಡೆಸ್ಮೋಸ್‌ನ ಖಾಲಿ ಸಾಲಿನಲ್ಲಿ ಪೇಸ್ಟ್ ಮಾಡಿದರೆ ತಾನಾಗಿ ಟೇಬಲ್ ಆಗುತ್ತದೆ.

ಚುಕ್ಕೆಗಳು ಕಾಣದಿದ್ದರೆ ಗಾಬರಿ ಬೇಡ. ಚೌಕಳಿ ಶುರುವಿನಲ್ಲಿ ಎರಡೂ ಕಡೆ 10ರ ಆಸುಪಾಸಿನವರೆಗೆ ಮಾತ್ರ ತೋರಿಸುತ್ತದೆ, ನಮ್ಮ ಬಾಡಿಗೆ 216ರವರೆಗೆ ಇದೆ. ಟೇಬಲ್ ಪಕ್ಕದ ಭೂತಗನ್ನಡಿಯ ಗುರುತು ಒತ್ತಿದರೆ ಎಲ್ಲ ಚುಕ್ಕೆಗಳೂ ಪರದೆಯೊಳಗೆ ಬರುತ್ತವೆ.

ಈಗ ಮುಖ್ಯ ಸಾಲು. ಟೇಬಲ್ ಕೆಳಗಿನ ಖಾಲಿ ಸಾಲಿನಲ್ಲಿ ಒಂದರ ಹಿಂದೊಂದು ಒತ್ತಿ: ವೈ, 1, ಟಿಲ್ಡೆ, ಎಂ, ಎಕ್ಸ್, 1, ಪ್ಲಸ್, ಬಿ. ಪರದೆಯ ಮೇಲೆ

ವೈ₁ ~ ಎಂ ಎಕ್ಸ್₁ + ಬಿ

ಎಂದು ಮೂಡಬೇಕು. 1 ತಾನಾಗಿಯೇ ಕೆಳಕ್ಕಿಳಿದು ಚಿಕ್ಕದಾಗುತ್ತದೆ. ಟಿಲ್ಡೆ ಅಂದರೆ ಹಾವಿನಂತೆ ಬಳುಕಿದ ಪುಟ್ಟ ಗೆರೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ 1ರ ಎಡಗಡೆಯ ಕೀಯನ್ನು ಶಿಫ್ಟ್ ಜೊತೆ ಒತ್ತಿದರೆ ಬರುತ್ತದೆ. ಫೋನಿನಲ್ಲಿ ಡೆಸ್ಮೋಸ್ ಕೀಪ್ಯಾಡಿನ ಅಕ್ಷರಗಳ ಪುಟಕ್ಕೆ ಹೋಗಿ ಹುಡುಕಿ. ಅದರ ಜಾಗದಲ್ಲಿ ಸಮ ಚಿಹ್ನೆ ಹಾಕಿದರೆ ಕೆಲಸ ಆಗದು. ಸಮ ಚಿಹ್ನೆ ಹಾಕಿದರೆ "ಎರಡೂ ಕಡೆ ಒಂದೇ" ಎಂದು ಹೇಳಿದಂತೆ. ಟಿಲ್ಡೆ ಹಾಕಿದರೆ "ಎರಡೂ ಕಡೆ ಆದಷ್ಟು ಹತ್ತಿರ ಬರುವಂತೆ ಎಂ, ಬಿ ಹುಡುಕು" ಎಂದು ಕೇಳಿದಂತೆ. ಟೇಬಲ್ ಅಂಚಿನಲ್ಲೇ ರಿಗ್ರೆಶನ್ (ಚುಕ್ಕೆಗಳಿಗೆ ಹೊಂದುವ ಗೆರೆ ಹುಡುಕುವ ಲೆಕ್ಕ) ಸೇರಿಸುವ ಗುಂಡಿಯೂ ಇದೆ, ಅದನ್ನು ಒತ್ತಿದರೆ ಇದೇ ಸಾಲು ಸಿದ್ಧವಾಗಿ ಬರುತ್ತದೆ. ಆದರೂ ಮೊದಮೊದಲು ಕೈಯಾರೆ ಟೈಪ್ ಮಾಡಿ. ಯಾವುದು ಅಳೆದದ್ದು, ಯಾವುದು ಹುಡುಕಬೇಕಾದದ್ದು ಎಂಬುದು ಮನಸ್ಸಿಗೆ ನಾಟುತ್ತದೆ.

ಸಾಲಿನ ಕೆಳಗೆ ಎಂ = 18, ಬಿ = 0, ಆರ್² = 1 ಎಂದು ಬರುತ್ತದೆ. ಎಂ ಅಂದರೆ ಗೆರೆಯ ಇಳಿಜಾರು, ಬಿ ಅಂದರೆ ಎಕ್ಸ್ ಸೊನ್ನೆ ಇರುವಾಗ ಗೆರೆಯ ಎತ್ತರ. ಆರ್² ಅಂದರೆ ಗೆರೆ ಚುಕ್ಕೆಗಳಿಗೆ ಎಷ್ಟು ಹೊಂದಿದೆ ಎಂಬುದಕ್ಕೆ ಕೊಡುವ ಅಂಕ, 1 ಬಂದರೆ ಎಲ್ಲ ಚುಕ್ಕೆಗಳೂ ಗೆರೆಯ ಮೇಲೇ ಇವೆ. ಬಿ ಜಾಗದಲ್ಲಿ ಹತ್ತರ ಮೈನಸ್ ಹದಿನಾಲ್ಕನೇ ಘಾತದಂಥ ಅತಿ ಸಣ್ಣ ಸಂಖ್ಯೆ ಕಂಡರೆ ಅದನ್ನು ಸೊನ್ನೆ ಎಂದೇ ಓದಿಕೊಳ್ಳಿ. ಕಂಪ್ಯೂಟರ್ ದಶಮಾಂಶಗಳನ್ನು ಕೂಡಿ ಕಳೆಯುವಾಗ ಉಳಿಯುವ ಧೂಳು ಅದು. 18 ಬಂತು, ಅಂದರೆ ಸಾಧನ ಸರಿಯಾಗಿದೆ, ನಾವು ಬಳಸಿದ ರೀತಿಯೂ ಸರಿಯಾಗಿದೆ.

ಈಗ ಇದೇ ಟೇಬಲ್‌ಗೆ ಇನ್ನೊಂದು ಸಾಲು ಸೇರಿಸಿ: ದೂರ 1, ಬಾಡಿಗೆ 36. ಇದೂ ಮೀಟರ್ ದರವೇ, ಸುಳ್ಳೇನಲ್ಲ. ಆದರೆ ಎಂ ಕೂಡಲೇ 16.89ಕ್ಕೆ ಇಳಿಯುತ್ತದೆ, ಬಿ 10.19ಕ್ಕೆ ಏರುತ್ತದೆ. ಈ ಹೊಸ ಗೆರೆಯ ಪ್ರಕಾರ 1 ಕಿಲೋಮೀಟರ್‌ಗೆ 27 ರೂಪಾಯಿ ಆಗಬೇಕು. ಆ ಬಾಡಿಗೆಗೆ ಯಾವ ಮೀಟರೂ ಓಡುವುದಿಲ್ಲ. 2 ಕಿಲೋಮೀಟರ್‌ವರೆಗೆ ಬಾಡಿಗೆ ಚಪ್ಪಟೆಯಾಗಿರುತ್ತದೆ, ಅಲ್ಲಿಂದಾಚೆಗೆ ಏರುತ್ತದೆ; ಎರಡನ್ನೂ ಒಂದೇ ಗೆರೆಗೆ ಒಗ್ಗಿಸಲು ಹೋದದ್ದರ ಫಲ ಇದು. ಆರ್² ಎಷ್ಟಿದೆ ನೋಡಿ: 0.9938. ಮಾದರಿಯೇ ತಪ್ಪಿದ್ದರೂ ಅಂಕ ನೂರಕ್ಕೆ ತೊಂಬತ್ತೊಂಬತ್ತು. ಇದು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಸಂಪಿನ ಅಂಕಿಗಳು

ಹೊಸ ಖಾಲಿ ಗ್ರಾಫ್ ತೆರೆಯಿರಿ. ಒಳ ಅಳತೆ 2 ಮೀಟರ್ ಉದ್ದ, 1.5 ಮೀಟರ್ ಅಗಲ ಇರುವ ಒಂದು ಸಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಳದ ವಿಸ್ತೀರ್ಣ 3 ಚದರ ಮೀಟರ್, ಹಾಗಾಗಿ ನೀರು 1 ಸೆಂಟಿಮೀಟರ್ ಏರಿದರೆ 30 ಲೀಟರ್ ಬಂದಂತೆ. 2 ಮೀಟರ್ ಆಳವಿದ್ದರೆ ಅದರಲ್ಲಿ 6000 ಲೀಟರ್ ಹಿಡಿಯುತ್ತದೆ, ಅಂದರೆ ಊರಲ್ಲಿ ಓಡಾಡುವ ಚಿಕ್ಕ ಟ್ಯಾಂಕರ್‌ನ ಒಂದು ಲೋಡು.

ಸೆಂಟಿಮೀಟರ್ ಗುರುತು ಹಾಕಿದ ಪಿವಿಸಿ ಪೈಪೋ ನೆಟ್ಟನೆಯ ಕೋಲೋ ಸಾಕು. ಪ್ರತಿ ಸಲ ಒಂದೇ ಜಾಗದಲ್ಲಿ, ತಳ ಮುಟ್ಟುವವರೆಗೆ, ನೇರವಾಗಿ ಇಳಿಸಿ, ಒದ್ದೆಯಾದ ಗುರುತು ಓದಿ. ಅಳೆಯುವ ಹೊತ್ತಿನಲ್ಲಿ ಮೋಟಾರ್ ಆಫ್ ಇರಲಿ. ಮೇಲಿನ ಟ್ಯಾಂಕಿಗೆ ನೀರು ಏರುತ್ತಿದ್ದರೆ ಬರುವ ನೀರಿನ ಲೆಕ್ಕವೇ ಕೆಡುತ್ತದೆ. ಪ್ರತಿ ಸಲವೂ ಅಳೆದ ತಕ್ಷಣ ಮುಚ್ಚಳ ಮುಚ್ಚಿಬಿಡಿ. ಮಕ್ಕಳಿರುವ ಮನೆಯಲ್ಲಿ ಸಂಪಿನ ಬಾಯಿ ಒಂದು ನಿಮಿಷವೂ ತೆರೆದಿರಬಾರದು, ಅಳತೆ ತಪ್ಪಿದರೂ ಪರವಾಗಿಲ್ಲ.

ಅಳತೆ ಹೀಗಿದೆ ಎಂದುಕೊಳ್ಳಿ. ಎಕ್ಸ್₁ ನಿಮಿಷ, ವೈ₁ ಸೆಂಟಿಮೀಟರ್:

0 ನಿಮಿಷ – 42
10 – 48
20 – 53
30 – 60
40 – 65
50 – 70
60 – 77
70 – 82
80 – 87

ಇವನ್ನು ಟೇಬಲ್‌ಗೆ ಹಾಕಿ, ಭೂತಗನ್ನಡಿ ಒತ್ತಿ. ಚುಕ್ಕೆಗಳು ಹೆಚ್ಚುಕಡಿಮೆ ಒಂದು ಸಾಲಿನಲ್ಲಿ ನಿಲ್ಲುತ್ತವೆ, ಆದರೆ ಆಟೋ ದರದಷ್ಟು ಕರಾರುವಾಕ್ಕಾಗಿ ಅಲ್ಲ. ಕೋಲಿನ ಓದು ಒಂದು ಸೆಂಟಿಮೀಟರ್ ಆಚೀಚೆ ಆಗಿಯೇ ಆಗುತ್ತದೆ.

ಮೊದಲು ಕೈಯಿಂದ ಹೊಂದಿಸಿ

ಟಿಲ್ಡೆಗೆ ಹೋಗುವ ಮುಂಚೆ ಐದು ನಿಮಿಷ ಇಲ್ಲಿ ಕಳೆಯಿರಿ. "ಬೆಸ್ಟ್" ಎಂದರೆ ಯಾವ ಲೆಕ್ಕದಲ್ಲಿ ಬೆಸ್ಟ್ ಎಂಬುದು ತಿಳಿಯುವುದು ಇಲ್ಲೇ.

ಖಾಲಿ ಸಾಲಿನಲ್ಲಿ ವೈ = ಪಿ ಎಕ್ಸ್ + ಕ್ಯೂ ಎಂದು ಬರೆಯಿರಿ. ಇಲ್ಲಿ ಎಂ, ಬಿ ಬಳಸಬೇಡಿ, ಕಾರಣ ಮುಂದೆ ಬರುತ್ತದೆ. ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಬೇಕೇ ಎಂದು ಡೆಸ್ಮೋಸ್ ಕೇಳಿದಾಗ ಎರಡಕ್ಕೂ ಹಾಕಿಸಿಕೊಳ್ಳಿ. ಸ್ಲೈಡರ್ ಮೊದಲಿಗೆ ಮೈನಸ್ 10ರಿಂದ 10ರವರೆಗೆ ಓಡುತ್ತದೆ. ಕ್ಯೂ ಸ್ಲೈಡರ್‌ನ ತುದಿಯ ಸಂಖ್ಯೆ ಒತ್ತಿ ಅದನ್ನು 0ಯಿಂದ 100ಕ್ಕೆ ಬದಲಿಸಿ. ಪಿ-ಗೆ 0ಯಿಂದ 1 ಸಾಕು, ಹೆಜ್ಜೆಯ ಅಳತೆ 0.01 ಇಡಿ.

ಇನ್ನೊಂದು ಸಾಲಿನಲ್ಲಿ ಟೋಟಲ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಆವರಣದೊಳಗೆ (ವೈ₁ − ಪಿ ಎಕ್ಸ್₁ − ಕ್ಯೂ)² ಬರೆಯಿರಿ. ಪ್ರತಿ ಚುಕ್ಕೆಯೂ ಗೆರೆಯಿಂದ ಲಂಬವಾಗಿ ಎಷ್ಟು ದೂರದಲ್ಲಿದೆ ಎಂದು ನೋಡಿ, ಆ ದೂರವನ್ನು ವರ್ಗ ಮಾಡಿ, ಒಂಬತ್ತನ್ನೂ ಕೂಡಿಸಿದ ಮೊತ್ತ ಅದು.

ಪಿ = 0.6, ಕ್ಯೂ = 42 ಇಟ್ಟು ನೋಡಿ. ಕಣ್ಣಿಗೆ ಗೆರೆ ಚೆನ್ನಾಗಿಯೇ ಕಾಣುತ್ತದೆ, ಮೊತ್ತ 20. ಪಿ = 0.55, ಕ್ಯೂ = 43 ಮಾಡಿ, ಮೊತ್ತ 4ಕ್ಕೆ ಇಳಿಯುತ್ತದೆ. ಇನ್ನೂ ಇಳಿಸಲು ಪ್ರಯತ್ನಿಸಿ. ಎಷ್ಟು ಎಳೆದಾಡಿದರೂ 2.22ಕ್ಕಿಂತ ಕೆಳಗೆ ಹೋಗುವುದಿಲ್ಲ. ಆ ತಳ ಮುಟ್ಟಿಸುವ ಗೆರೆಯೇ ಬೆಸ್ಟ್ ಫಿಟ್. ಕನಿಷ್ಠ ವರ್ಗಗಳ ವಿಧಾನ ಎಂದು ಹೆಸರಾದ ಇದನ್ನು 1805ರಲ್ಲಿ ಫ್ರಾನ್ಸಿನ ಲೆಜಾಂಡ್ರ ಧೂಮಕೇತುಗಳ ಕಕ್ಷೆ ಲೆಕ್ಕ ಹಾಕುವ ಪುಸ್ತಕದಲ್ಲಿ ಪ್ರಕಟಿಸಿದರು. 1809ರಲ್ಲಿ ಜರ್ಮನಿಯ ಗೌಸ್ ಅದೇ ವಿಧಾನ ಪ್ರಕಟಿಸಿ, ತಾನು ಬಹಳ ಮೊದಲಿನಿಂದಲೇ ಬಳಸುತ್ತಿದ್ದೆ ಎಂದರು. ಇನ್ನೂರು ವರ್ಷ ಕಳೆದರೂ ಡೆಸ್ಮೋಸ್‌ನ ಟಿಲ್ಡೆ ಹಿಂದೆ ಇರುವುದು ಅದೇ ಲೆಕ್ಕ.

ವರ್ಗ ಮಾಡುವುದರ ಪರಿಣಾಮ ಒಂದನ್ನು ಗಮನಿಸಿ: 1 ಸೆಂಟಿಮೀಟರ್ ತಪ್ಪಿಗೆ ದಂಡ 1, 9 ಸೆಂಟಿಮೀಟರ್ ತಪ್ಪಿಗೆ ದಂಡ 81. ದೊಡ್ಡದಾಗಿ ತಪ್ಪಿದ ಒಂದೇ ಚುಕ್ಕೆ ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳುವುದು ಇದರಿಂದಲೇ.

ಈಗ ಟಿಲ್ಡೆ

ವೈ₁ ~ ಎಂ ಎಕ್ಸ್₁ + ಬಿ ಎಂದು ಬರೆಯಿರಿ. ಬರುವ ಉತ್ತರ:

ಎಂ = 0.566667
ಬಿ = 42.2222
ಆರ್² = 0.9988
ಆರ್ = 0.9994

ಎಂ, ಬಿ ಹೆಸರಿನ ಸ್ಲೈಡರ್ ಅದೇ ಪುಟದಲ್ಲಿ ಮೊದಲೇ ಇದ್ದಿದ್ದರೆ ಡೆಸ್ಮೋಸ್ ಅವನ್ನು ಹುಡುಕುತ್ತಲೇ ಇರಲಿಲ್ಲ. ನೀವೇ ನಿಗದಿ ಮಾಡಿದ ಬೆಲೆ ಎಂದುಕೊಂಡು ಹಾಗೇ ಬಿಟ್ಟುಬಿಡುತ್ತಿತ್ತು. ಅದಕ್ಕೇ ಪಿ, ಕ್ಯೂ ಬಳಸಿದ್ದು. "ಉತ್ತರವೇ ಬರ್ತಿಲ್ಲ" ಎನ್ನುವ ವಿದ್ಯಾರ್ಥಿಗಳ ಪುಟ ನೋಡಿದರೆ ಹೆಚ್ಚಾಗಿ ಮೇಲೆಲ್ಲೋ ಒಂದು ಹಳೆಯ ಎಂ ಸ್ಲೈಡರ್ ಇರುತ್ತದೆ.

ಎಂ ಇಲ್ಲಿ ಇಳಿಜಾರು: ನಿಮಿಷಕ್ಕೆ 0.567 ಸೆಂಟಿಮೀಟರ್. 30ರಿಂದ ಗುಣಿಸಿದರೆ ನಿಮಿಷಕ್ಕೆ 17 ಲೀಟರ್. ಬಿ ಅಂದರೆ ಸೊನ್ನೆ ನಿಮಿಷದಲ್ಲಿದ್ದ ಮಟ್ಟ, 42.2 ಸೆಂಟಿಮೀಟರ್. ಕೋಲು ಆಗ 42 ತೋರಿಸಿತ್ತು. ಗೆರೆ ಮೊದಲ ಚುಕ್ಕೆಯ ಮೇಲೇ ಹಾದುಹೋಗಬೇಕೆಂಬ ನಿಯಮವಿಲ್ಲ, ಯಾವ ಚುಕ್ಕೆಯ ಮೇಲೂ ಹಾದುಹೋಗದೆ ಇರಬಹುದು. ಅದು ಖಂಡಿತವಾಗಿ ಹಾದುಹೋಗುವ ಜಾಗ ಒಂದೇ: ಸರಾಸರಿ ನಿಮಿಷ, ಸರಾಸರಿ ಮಟ್ಟ ಸೇರುವ ಬಿಂದು, ಇಲ್ಲಿ 40 ಮತ್ತು 64.89. ಗ್ರಾಫ್ ಶೀಟಿನಲ್ಲಿ ಕೈಯಿಂದ ಎಳೆಯುವವರೂ ಮೊದಲು ಈ ಬಿಂದು ಗುರುತಿಸಿಕೊಂಡು, ಸ್ಕೇಲನ್ನು ಅದರ ಸುತ್ತ ತಿರುಗಿಸಿದರೆ ಗೆರೆ ಬಹಳ ಸುಧಾರಿಸುತ್ತದೆ.

ಉಳಿಕೆಗಳನ್ನು ನೋಡದೆ ಮುಂದೆ ಹೋಗಬೇಡಿ

ಉತ್ತರದ ಕೆಳಗೆ ರೆಸಿಡ್ಯುಯಲ್ಸ್ ಎಂಬಲ್ಲಿ ಇ₁ ಎಂದೂ, ಪಕ್ಕದಲ್ಲಿ ಪ್ಲಾಟ್ ಎಂದೂ ಇರುತ್ತದೆ. ಪ್ಲಾಟ್ ಒತ್ತಿ. ಪ್ರತಿ ಚುಕ್ಕೆಯ ಉಳಿಕೆ, ಅಂದರೆ ಅಳೆದ ಮಟ್ಟದಿಂದ ಗೆರೆ ಹೇಳುವ ಮಟ್ಟವನ್ನು ಕಳೆದಾಗ ಉಳಿಯುವುದು, ಹೊಸ ಚುಕ್ಕೆಗಳಾಗಿ ಬರುತ್ತದೆ. ಒಂದು ತೊಡಕಿದೆ. ಮಟ್ಟಗಳು 87ರವರೆಗೆ ಇವೆ, ಉಳಿಕೆಗಳು 1ಕ್ಕಿಂತ ಕಡಿಮೆ. ಹಾಗಾಗಿ ಅವು ಕೆಳಗಿನ ಅಕ್ಷಕ್ಕೆ ಅಂಟಿಕೊಂಡು ಎಲ್ಲವೂ ಸೊನ್ನೆಯಂತೆ ಕಾಣುತ್ತವೆ. ವೈ₁ ಕಾಲಂನ ತಲೆಯ ಬಣ್ಣದ ಗುಂಡಗಿನ ಗುರುತು ಒತ್ತಿ ಹಳೆಯ ಚುಕ್ಕೆಗಳನ್ನು ಮರೆ ಮಾಡಿ. ಬಲಗಡೆ ಮೇಲಿನ ಸ್ಪ್ಯಾನರ್ ಗುರುತಿನೊಳಗೆ ಹೋಗಿ ವೈ ಅಕ್ಷವನ್ನು ಮೈನಸ್ 2ರಿಂದ 2ಕ್ಕೆ ಇಡಿ. ಈಗ ನಿಜವಾದ ಚಿತ್ರ ಕಾಣುತ್ತದೆ:

−0.22, 0.11, −0.56, 0.78, 0.11, −0.56, 0.78, 0.11, −0.56

ಮೇಲೆ, ಕೆಳಗೆ, ಮೇಲೆ, ಕೆಳಗೆ. ಯಾವ ಆಕಾರವೂ ಇಲ್ಲ. ಯಾವುದೂ 1 ಸೆಂಟಿಮೀಟರ್ ದಾಟಿಲ್ಲ, ಕೋಲಿನ ಓದು ತಪ್ಪಬಹುದಾದ ಅಳತೆಯೂ ಅಷ್ಟೇ. ಇವೆರಡೂ ಸೇರಿದರೆ ಮಾತ್ರ "ನೀರು ಒಂದೇ ವೇಗದಲ್ಲಿ ಬರುತ್ತಿದೆ" ಎಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ದಿನದ ಅಳತೆ ತೆಗೆದುಕೊಳ್ಳಿ. ಆಕಾರ ಎದ್ದು ಕಾಣಲಿ ಎಂದು ಅಚ್ಚುಕಟ್ಟಾದ ಅಂಕಿಗಳನ್ನೇ ಆರಿಸಿದ್ದೇನೆ. 20 ನಿಮಿಷಕ್ಕೊಮ್ಮೆ, 0ಯಿಂದ 120ರವರೆಗೆ: 40, 54, 66, 76, 84, 90, 94. ಹೊಸ ಪುಟದಲ್ಲಿ ಟಿಲ್ಡೆ ಹಾಕಿದರೆ ಎಂ = 0.45, ಬಿ = 45, ಆರ್² = 0.9643. ರೆಕಾರ್ಡ್ ಬುಕ್ಕಿನಲ್ಲಿ ಬರೆದರೆ ಯಾರೂ ಪ್ರಶ್ನಿಸದ ಸಂಖ್ಯೆ. ಉಳಿಕೆಗಳನ್ನು ನೋಡಿ:

−5, 0, 3, 4, 3, 0, −5

ಕಮಾನು. ಎರಡು ತುದಿಯಲ್ಲೂ ಕೆಳಗೆ, ನಡುವೆ ಮೇಲೆ. ನೀರು ಶುರುವಿನಲ್ಲಿ ಜೋರಾಗಿ ಬಂದು, ಬರಬರುತ್ತ ಒತ್ತಡ ಇಳಿದಿದೆ. 0.45 ಸೆಂಟಿಮೀಟರ್, ಅಂದರೆ ನಿಮಿಷಕ್ಕೆ 13.5 ಲೀಟರ್ ಎಂಬುದು ಬರೀ ಸರಾಸರಿ. ಮೊದಲ 20 ನಿಮಿಷದಲ್ಲಿ 14 ಸೆಂಟಿಮೀಟರ್ ಏರಿತ್ತು, ನಿಮಿಷಕ್ಕೆ 21 ಲೀಟರ್. ಕೊನೆಯ 20 ನಿಮಿಷದಲ್ಲಿ ಏರಿದ್ದು 4 ಸೆಂಟಿಮೀಟರ್, ನಿಮಿಷಕ್ಕೆ 6 ಲೀಟರ್. ಟ್ಯಾಂಕರ್‌ಗೆ ಫೋನ್ ಮಾಡಬೇಕೇ ಎಂದು ಯೋಚಿಸುವವರಿಗೆ ಬೇಕಾದದ್ದು ಈ 6, ಆ 13.5 ಅಲ್ಲ. ಆರ್² ಈ ಸುದ್ದಿಯನ್ನು ಹೇಳಲೇ ಇಲ್ಲ, ಉಳಿಕೆಗಳು ಒಂದೇ ನೋಟಕ್ಕೆ ಹೇಳಿದವು.

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಇದನ್ನೇ ಕಣ್ಣಿಗೆ ಕಟ್ಟುವಂತೆ ತೋರಿಸಿದರು. ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಕೋಷ್ಟಕ. ನಾಲ್ಕಕ್ಕೂ ಒಂದೇ ಸರಾಸರಿ, ಹತ್ತಿರ ಹತ್ತಿರ ಒಂದೇ ಗೆರೆ (ಇಳಿಜಾರು 0.5, ಶುರು 3), ಒಂದೇ ಆರ್, 0.816. ಗ್ರಾಫ್ ಮಾಡಿದರೆ ಒಂದು ನೆಟ್ಟಗೆ ಚದುರಿದ ಚುಕ್ಕೆಗಳು, ಇನ್ನೊಂದು ಬಾಗಿದ ಕಮಾನು, ಮತ್ತೊಂದು ಒಂದೇ ಚುಕ್ಕೆಯಿಂದ ಓರೆಯಾದ ಸಾಲು, ನಾಲ್ಕನೆಯದರಲ್ಲಿ ಒಂದು ಚುಕ್ಕೆ ತೆಗೆದರೆ ಇಳಿಜಾರೇ ಇಲ್ಲ. ಆ ಅಂಕಿಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ನಾಲ್ಕನ್ನೂ ಡೆಸ್ಮೋಸ್‌ಗೆ ಪೇಸ್ಟ್ ಮಾಡಿ ನೋಡುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ.

ಅಂಕಿ ತಿರುವುಮುರುವಾದರೆ

ಟೈಪ್ ಮಾಡುವಾಗ 87ನ್ನು 78 ಎಂದು ಹೊಡೆಯುವುದು ತೀರಾ ಸಾಮಾನ್ಯ. ಸಂಪಿನ ಮೊದಲ ದಿನದ ಟೇಬಲ್‌ಗೆ ಹಿಂತಿರುಗಿ, ಕೊನೆಯ ಸಾಲಿನ 87ನ್ನು ಬೇಕೆಂದೇ 78 ಮಾಡಿ. ಎಂ 0.567ರಿಂದ 0.507ಕ್ಕೆ ಬೀಳುತ್ತದೆ. 17 ಲೀಟರ್ ಇದ್ದದ್ದು 15.2 ಲೀಟರ್ ಆಯಿತು. ಆರ್² 0.961.

ಅದನ್ನು ಸರಿಪಡಿಸಿ, ಈಗ ನಡುವಿನ 65ನ್ನು 56 ಮಾಡಿ. ತಪ್ಪು ಅಷ್ಟೇ ದೊಡ್ಡದು, 9 ಸೆಂಟಿಮೀಟರ್. ಆರ್² ಕೂಡ ಹೆಚ್ಚುಕಡಿಮೆ ಅಷ್ಟೇ, 0.964. ಆದರೆ ಎಂ ಕೂದಲೆಳೆಯಷ್ಟೂ ಅಲುಗಲಿಲ್ಲ, 0.566667 ಇದ್ದಲ್ಲೇ ಇದೆ. ಬಿ ಮಾತ್ರ 1 ಸೆಂಟಿಮೀಟರ್ ಕೆಳಗಿಳಿಯಿತು. 40ನೇ ನಿಮಿಷ ಸರಾಸರಿಯ ಮೇಲೇ ಕೂತಿರುವುದರಿಂದ, ಅಲ್ಲಿನ ತಪ್ಪು ಗೆರೆಯನ್ನು ಇಡಿಯಾಗಿ ಕೆಳಗೆ ತಳ್ಳುತ್ತದೆ, ಓರೆ ಮಾಡುವುದಿಲ್ಲ. ತುದಿಯ ತಪ್ಪು ಓರೆ ಮಾಡುತ್ತದೆ. ಆದ್ದರಿಂದ ಅಳೆಯುವಾಗ ಮೊದಲ, ಕೊನೆಯ ಓದುಗಳನ್ನು ಎರಡೆರಡು ಸಲ ತೆಗೆದುಕೊಳ್ಳಿ. ಶ್ರಮ ಹಾಕುವುದಾದರೆ ಅಲ್ಲೇ ಹಾಕಿ.

ಒಂದು ಚುಕ್ಕೆ ದೂರ ನಿಂತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಅಳಿಸಬೇಡಿ. ಮೂಲ ಚೀಟಿ ನೋಡಿ. ಟೈಪಿಂಗ್ ತಪ್ಪಾದರೆ ತಿದ್ದಿ, ಆ ಹೊತ್ತಿನಲ್ಲಿ ಮೋಟಾರ್ ಓಡುತ್ತಿತ್ತು ಎಂದು ಗೊತ್ತಾದರೆ ಕಾರಣ ಬರೆದು ತೆಗೆಯಿರಿ. ಕಾರಣ ಸಿಗದಿದ್ದರೆ ಚುಕ್ಕೆ ಇರಲಿ.

ಮುಂದಿನದನ್ನು ಹೇಳುವುದು

ಬೇಕೆಂದೇ ಹಾಕಿದ 56ನ್ನು ಮತ್ತೆ 65 ಮಾಡಿಕೊಳ್ಳಿ. ಡೆಸ್ಮೋಸ್ ಹುಡುಕಿಕೊಟ್ಟ ಎಂ, ಬಿ ಎರಡನ್ನೂ ಬೇರೆ ಸಾಲುಗಳಲ್ಲಿ ನೇರವಾಗಿ ಬಳಸಬಹುದು. ಎಫ್(ಎಕ್ಸ್) = ಎಂ ಎಕ್ಸ್ + ಬಿ ಎಂದು ಬರೆದು, ಮುಂದಿನ ಸಾಲಿನಲ್ಲಿ ಎಫ್(35) ಎಂದರೆ 62.06 ಬರುತ್ತದೆ. 30ನೇ ನಿಮಿಷಕ್ಕೂ 40ಕ್ಕೂ ನಡುವಿನ ಮಟ್ಟ ಅದು, ನಂಬಲು ಅಡ್ಡಿಯಿಲ್ಲ. ಮಟ್ಟ 180 ತಲುಪುವುದು ಯಾವಾಗ ಎಂದು ತಿಳಿಯಲು (180 − ಬಿ) ÷ ಎಂ ಬರೆಯಿರಿ: 243 ನಿಮಿಷ, ಸುಮಾರು ನಾಲ್ಕು ಗಂಟೆ. ಇಲ್ಲಿ ಎಚ್ಚರ ಬೇಕು. ನಾವು ನೋಡಿರುವುದು 80 ನಿಮಿಷ ಮಾತ್ರ. ನಾಲ್ಕು ಗಂಟೆ ನೀರು ಇದೇ ಒತ್ತಡದಲ್ಲಿ ಬರುತ್ತದೆ ಎಂದು ಈ ಅಂಕಿಗಳು ಎಲ್ಲೂ ಹೇಳಿಲ್ಲ.

ಬಾಗಿದ ಎರಡನೇ ದಿನದ ಅಂಕಿಗಳಿಗೆ ವರ್ಗಪದವನ್ನೂ ಸೇರಿಸಬಹುದು: ವೈ₁ ~ ಎ ಎಕ್ಸ್₁² + ಸಿ ಎಕ್ಸ್₁ + ಡಿ. ಉತ್ತರ ಎ = −0.0025, ಸಿ = 0.75, ಡಿ = 40, ಉಳಿಕೆಗಳೆಲ್ಲ ಸೊನ್ನೆ. 120 ನಿಮಿಷದೊಳಗೆ ಅದ್ಭುತ ಹೊಂದಾಣಿಕೆ. ಆದರೆ ಇದೇ ಸೂತ್ರ 150ನೇ ನಿಮಿಷದಲ್ಲಿ 96.25 ಮುಟ್ಟಿ, ಆಮೇಲೆ ಮಟ್ಟ ಇಳಿಯುತ್ತದೆ ಎನ್ನುತ್ತದೆ. 180ಕ್ಕೆ 94. ನಲ್ಲಿಯಿಂದ ನೀರು ವಾಪಸ್ ಹೋಗುವುದಿಲ್ಲ. ಸರಳರೇಖೆಯನ್ನು ಕೇಳಿದರೆ 180ಕ್ಕೆ 126 ಎನ್ನುತ್ತದೆ, ಅದೂ ಆಗದ ಮಾತು. ಇಂಥಲ್ಲಿ ಇನ್ನೆರಡು ಸಲ ಕೋಲು ಇಳಿಸಿ ಅಳೆಯುವುದೇ ಸರಿ. ಸೂತ್ರ ಬದಲಿಸಿ ಪ್ರಯೋಜನವಿಲ್ಲ.

ಎಷ್ಟು ದಶಮಾಂಶ ಬರೆಯಬೇಕು ಎಂಬುದಕ್ಕೂ ಉಳಿಕೆಗಳೇ ದಾರಿ. ಮೊದಲ ದಿನದ ಉಳಿಕೆಗಳ ವರ್ಗಗಳ ಮೊತ್ತ 2.22. ಅದನ್ನು 9 − 2 = 7ರಿಂದ (ಓದುಗಳು ಒಂಬತ್ತು, ಅವುಗಳಿಂದ ಹುಡುಕಿದ್ದು ಎಂ, ಬಿ ಎಂಬ ಎರಡು ಸಂಖ್ಯೆ) ಭಾಗಿಸಿ ವರ್ಗಮೂಲ ತೆಗೆದರೆ 0.56 ಸೆಂಟಿಮೀಟರ್. ಒಂದು ಓದು ಗೆರೆಯಿಂದ ಸಾಮಾನ್ಯವಾಗಿ ಅಷ್ಟು ಆಚೀಚೆ ಇರುತ್ತದೆ. ಅಷ್ಟು ಅನಿಶ್ಚಿತತೆ ಇರುವಾಗ 0.566667 ಎಂದು ಆರು ದಶಮಾಂಶ ಬರೆಯುವುದು ಇಲ್ಲದ ನಿಖರತೆಯನ್ನು ತೋರಿಸಿದಂತೆ. 0.567 ಬರೆಯಿರಿ, ಲೀಟರಿಗೆ ತಿರುಗಿಸುವಾಗ 17 ಎನ್ನಿ.

ಲ್ಯಾಬ್ ರೆಕಾರ್ಡ್ ಬರೆಯುವವರಿಗೆ

ಪಿಯುಸಿ ವಿದ್ಯಾರ್ಥಿಗಳು ಪೆಂಡ್ಯುಲಮ್ ಪ್ರಯೋಗದಲ್ಲಿ ಉದ್ದವನ್ನು ಎಕ್ಸ್ ಮೇಲೆ, ಆವರ್ತಕಾಲದ ವರ್ಗವನ್ನು ವೈ ಮೇಲೆ ಇಡುತ್ತಾರೆ. ಇಳಿಜಾರು 4π² ÷ ಜಿ, ಇಲ್ಲಿ ಜಿ ಅಂದರೆ ಗುರುತ್ವ ವೇಗೋತ್ಕರ್ಷ. ಸಿದ್ಧಾಂತದ ಪ್ರಕಾರ ಗೆರೆ ಸೊನ್ನೆಯಿಂದಲೇ ಹೊರಡಬೇಕು. ಅದಕ್ಕೇ ಬಿ ಬಿಟ್ಟು ವೈ₁ ~ ಎಂ ಎಕ್ಸ್₁ ಎಂದು ಬರೆಯಬೇಕೆನಿಸುತ್ತದೆ. ಹಾಗೆ ಮಾಡಬೇಡಿ.

ದಾರದ ಉದ್ದ ಮಾತ್ರ ಅಳೆದು, ಗುಂಡಿನ ತ್ರಿಜ್ಯ 1 ಸೆಂಟಿಮೀಟರ್ ಸೇರಿಸಲು ಮರೆತಿದ್ದೀರಿ ಎನ್ನಿ. ಉದ್ದ 0.40, 0.60, 0.80, 1.00 ಮೀಟರ್‌ಗೆ ಆವರ್ತಕಾಲದ ವರ್ಗ 1.655, 2.462, 3.270, 4.077 ಬಂದಿದೆ. ಬಿ ಬಿಟ್ಟು ಹೊಂದಿಸಿದರೆ ಎಂ = 4.089, ಜಿ = 9.65. ಬಿ ಇಟ್ಟುಕೊಂಡರೆ ಎಂ = 4.037, ಜಿ = 9.78, ಬೆಂಗಳೂರಿನಲ್ಲಿ ಬರಬೇಕಾದ ಬೆಲೆಯೇ. ತ್ರಿಜ್ಯದ ತಪ್ಪೆಲ್ಲ ಬಿ ಒಳಗೆ 0.04 ಆಗಿ ಸೇರಿಕೊಂಡಿತು, ಇಳಿಜಾರು ಕೆಡಲಿಲ್ಲ. ಬಿ-ಯನ್ನು ಎಂ-ನಿಂದ ಭಾಗಿಸಿದರೆ 0.01 ಮೀಟರ್, ಮರೆತ 1 ಸೆಂಟಿಮೀಟರ್ ಕೈಗೆ ಸಿಗುತ್ತದೆ! ಜಿ ಲೆಕ್ಕಕ್ಕೆ ಬೇರೆ ಕ್ಯಾಲ್ಕುಲೇಟರ್ ಬೇಡ, ಖಾಲಿ ಸಾಲಿನಲ್ಲಿ 4π² ÷ ಎಂ ಬರೆದರೆ ಸಾಕು. ಪೈ ಎಂದು ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಚಿಹ್ನೆ ತಾನೇ ಬರುತ್ತದೆ.

ಯಾವುದು ಎಕ್ಸ್, ಯಾವುದು ವೈ ಎಂಬುದನ್ನೂ ಯೋಚಿಸಿ ಇಡಿ. ಈ ವಿಧಾನ ಅಳೆಯುವುದು ಲಂಬ ದೂರವನ್ನು ಮಾತ್ರ, ಅಂದರೆ ತಪ್ಪೆಲ್ಲ ವೈ-ನಲ್ಲಿದೆ ಎಂದು ಭಾವಿಸುತ್ತದೆ. ನಿಖರವಾಗಿ ಗೊತ್ತಿರುವುದನ್ನು ಎಕ್ಸ್ ಮಾಡಿ, ಅಲುಗಾಡುವುದನ್ನು ವೈ ಮಾಡಿ. ಅದಲು ಬದಲು ಮಾಡಿದರೆ ಬೇರೆಯೇ ಗೆರೆ ಬರುತ್ತದೆ, ಚುಕ್ಕೆಗಳು ಚದುರಿದಷ್ಟೂ ವ್ಯತ್ಯಾಸ ಹೆಚ್ಚು.

ಉಳಿಸಿಡುವುದು

ಪುಟವನ್ನು ಉಳಿಸಲು ಡೆಸ್ಮೋಸ್ ಖಾತೆ ಬೇಕು, ಗೂಗಲ್ ಖಾತೆಯಿಂದಲೇ ಒಳಗೆ ಹೋಗಬಹುದು. ಮೇಲಿನ ಹಂಚುವ ಗುಂಡಿಯಿಂದ ಲಿಂಕ್ ತೆಗೆದು ಮನೆಯವರಿಗೋ ಲೆಕ್ಚರರ್‌ಗೋ ವಾಟ್ಸಾಪ್ ಮಾಡಿದರೆ ಅವರು ಟೇಬಲ್ ಸಮೇತ ತೆರೆದು ನೋಡಬಹುದು. ಚಿತ್ರವಾಗಿಯೂ ಇಳಿಸಿಕೊಳ್ಳಬಹುದು, ಆದರೆ ಚಿತ್ರದಲ್ಲಿ ಅಂಕಿಗಳು ಇರುವುದಿಲ್ಲ, ಪರೀಕ್ಷಿಸುವವರಿಗೆ ಲಿಂಕೇ ಉಪಯೋಗ. ಜಿಯೋಜೀಬ್ರಾ ಬಳಸುವವರು ಫಿಟ್‌ಲೈನ್ ಆದೇಶದಿಂದ, ಗೂಗಲ್ ಶೀಟ್ಸ್ ಬಳಸುವವರು ಚಾರ್ಟಿನ ಟ್ರೆಂಡ್‌ಲೈನ್‌ನಿಂದ ಇದೇ ಉತ್ತರ ಪಡೆಯಬಹುದು. ಲೆಕ್ಕ ಒಂದೇ ಆದ್ದರಿಂದ ಸಂಖ್ಯೆಗಳು ತಾಳೆಯಾಗಬೇಕು. ಆಗದಿದ್ದರೆ ಮೊದಲು ಟೇಬಲ್ ಹೋಲಿಸಿ ನೋಡಿ.

ಫಲಿತಾಂಶ ಬರೆಯುವಾಗ ಬರೀ ಸಮೀಕರಣ ಸಾಲದು. ಮಾನಗಳು, ಎಷ್ಟು ಓದುಗಳು, ಎಲ್ಲಿಂದ ಎಲ್ಲಿಯವರೆಗೆ ಅಳೆದದ್ದು, ಉಳಿಕೆಗಳಲ್ಲಿ ಆಕಾರ ಕಂಡಿತೇ ಎಂಬುದನ್ನೂ ಸೇರಿಸಿ. ನಮ್ಮ ಸಂಪಿಗೆ ಅದು ಹೀಗಿರುತ್ತದೆ: "ಮಟ್ಟ (ಸೆಂ.ಮೀ.) = 0.567 × ನಿಮಿಷ + 42.2, 0ಯಿಂದ 80 ನಿಮಿಷದವರೆಗೆ 9 ಓದು, ಉಳಿಕೆಗಳು 1 ಸೆಂ.ಮೀ. ಒಳಗೆ, ಆಕಾರವಿಲ್ಲ, ಒಳಹರಿವು ನಿಮಿಷಕ್ಕೆ ಸುಮಾರು 17 ಲೀಟರ್."